ಎಡಗೈ ಏನು ಮಾಡುತ್ತಿತ್ತು?

1991ರ ಮಾತು. ಬಾಗಲಕೋಟೆ ಆಗಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಆದದ್ದು 1997ರಲ್ಲಿ. ನಾನು ಹುನಗುಂದದಲ್ಲಿ ಕನ್ನಡ ಉಪನ್ಯಾಸಕನಾಗಿದ್ದೆ. ಬಸ್ ನಿಲ್ದಾಣದ ಬಳಿ, ಸೈಕಲ್ ಅಂಗಡಿಯೊಂದರ ಹಿಂದಿನ ಕತ್ತಲೆ ಕೋಣೆಯಲ್ಲಿ ಯಾರೋ ಒಂದು ವಿಡಿಯೋ ಆಟದ ಪೆಟ್ಟಿಗೆಯನ್ನು ತಂದಿರಿಸಿದ್ದರು. ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆ, ಅದರಲ್ಲೊಂದು ಟೀವಿಯ ಗಾಜು, ಗಾಜಿನ ಕೆಳಗೆ ಮುಂದಕ್ಕೆ ಚಾಚಿದ ಹಲಗೆ. ನಾಣ್ಯ ಹಾಕಿದರೆ ಆಟ. ಒಂದು ಮಧ್ಯಾಹ್ನ ನನ್ನ ತರಗತಿಯಲ್ಲಿರಬೇಕಾಗಿದ್ದ ಹುಡುಗನೊಬ್ಬ ಅಲ್ಲಿ ನಿಂತು ಆಡುತ್ತಿದ್ದುದನ್ನು ಕಂಡೆ. ಕೈಹಿಡಿದು ಎಳೆದುಕೊಂಡು, ಬಸ್ಸು ಹತ್ತಿಸಿ, ಇಳಕಲ್ಲಿನ ಅವನ ಮನೆಗೇ ಕರೆದೊಯ್ದೆ. ಹೊಸ ಉಪನ್ಯಾಸಕನ ಉತ್ಸಾಹ. ಇಂದು ನೆನೆದರೆ ನಾಚಿಕೆಯಾಗುತ್ತದೆ.

ಅವನ ತಂದೆ ಕುಣಿಮಗ್ಗದಲ್ಲಿ ಕೂತಿದ್ದರು. ನನ್ನ ದೂರನ್ನೆಲ್ಲ ಕೇಳಿ, ಲಾಳಿಯನ್ನು ಬದಿಗಿಟ್ಟು, “ತಪ್ಪ ಮಾಡ್ಯಾನ್ರಿ ಸರ್ರ, ಬುದ್ಧಿ ಹೇಳ್ತೀನಿ. ಆದ್ರ ಒಂದ್ ಮಾತ್ ಕೇಳ್ತೀನ್ರಿ. ಎಡಗೈಲೆ ಏನ್ ಮಾಡತಿದ್ದ, ಬಲಗೈಲೆ ಏನ್ ಮಾಡತಿದ್ದ?” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಪಾಠ ತಪ್ಪಿಸಿದ್ದನ್ನು ಕಂಡಿದ್ದೆ, ಕಾಸು ಕಳೆದದ್ದನ್ನು ಕಂಡಿದ್ದೆ, ಕೈಗಳನ್ನು ಕಂಡಿರಲಿಲ್ಲ. ಅದಕ್ಕೆ ಉತ್ತರ ಹುಡುಕಲು ಬಿಡುವು ದೊರೆತದ್ದು ನಿವೃತ್ತಿಯ ನಂತರವೇ.

ಈ ಪೆಟ್ಟಿಗೆಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಗಾಜಿನ ಮೇಲಿನ ಚಿತ್ರಗಳ ಚರಿತ್ರೆಯನ್ನೇ ಬರೆಯುತ್ತಾರೆ. ಆದರೆ ಆಟ ಗೆದ್ದದ್ದೂ ಸೋತದ್ದೂ ಹಲಗೆಯ ಮೇಲೆ. 1971ರಲ್ಲಿ ಅಮೆರಿಕದ ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ‘ಕಂಪ್ಯೂಟರ್ ಸ್ಪೇಸ್’ ಎಂಬ ಪೆಟ್ಟಿಗೆಯನ್ನು ಸಿದ್ಧಪಡಿಸಿದರು. ಹಲಗೆಯ ತುಂಬ ಗುಂಡಿಗಳು. ಎಡಕ್ಕೆ ತಿರುಗಲು ಒಂದು, ಬಲಕ್ಕೊಂದು, ಮುಂದೆ ನುಗ್ಗಲು ಒಂದು, ಗುಂಡು ಹಾರಿಸಲು ಮತ್ತೊಂದು. ಪಾನಗೃಹಕ್ಕೆ ಬಂದವರು ಸೂಚನೆಗಳನ್ನು ಓದುವುದರಲ್ಲೇ ದಣಿದರು. ಪೆಟ್ಟಿಗೆ ಹೆಚ್ಚು ನಡೆಯಲಿಲ್ಲ. ಮರುವರ್ಷ, 1972ರಲ್ಲಿ, ಅದೇ ಬುಶ್ನೆಲ್‌ನ ಅಟಾರಿ ಸಂಸ್ಥೆಗಾಗಿ ಅಲ್ ಆಲ್ಕಾರ್ನ್ ‘ಪಾಂಗ್’ ರಚಿಸಿದ. ಅದರಲ್ಲಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದೇ ತಿರುಗುಗುಂಡಿ. ರೇಡಿಯೋದ ಕಿವಿ ಹಿಂಡಲು ಬಲ್ಲವರೆಲ್ಲ ಆಡಬಹುದಾಗಿತ್ತು. ಈ ಭಾಷಣವನ್ನು ಕೇಳುತ್ತಿರುವ ತಮಗೂ ಅದಕ್ಕೆ ಬೇರೆ ಶಿಕ್ಷಣ ಬೇಕಾಗಿರಲಿಲ್ಲ. ಸನಿವೇಲ್‌ನ ಪಾನಗೃಹವೊಂದರಲ್ಲಿ ಇಟ್ಟ ಮೊದಲ ಪೆಟ್ಟಿಗೆ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಿತಂತೆ. ತೆರೆದು ನೋಡಿದರೆ ನಾಣ್ಯಗಳೇ ತುಂಬಿ ಕಟ್ಟಿಕೊಂಡಿದ್ದವು.

ಜಾಯ್‌ಸ್ಟಿಕ್ ಎಂಬ ಕೋಲು ವಿಮಾನದಿಂದ ಇಳಿದು ಬಂದದ್ದು. ಇಪ್ಪತ್ತನೆಯ ಶತಮಾನದ ಆರಂಭದ ವೈಮಾನಿಕರು ತಮ್ಮ ಕಾಲುಗಳ ನಡುವಿನ ಚಾಲನಾದಂಡವನ್ನು ಹಾಗೆ ಕರೆಯುತ್ತಿದ್ದರು. ಆಟದ ಪೆಟ್ಟಿಗೆಯ ಕೋಲಿನ ಒಳರಚನೆ ಮಾತ್ರ ಬಲು ಸರಳ. ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಪುಟ್ಟ ಸ್ವಿಚ್ಚುಗಳು. ಹಳೆಯವುಗಳಲ್ಲಿ ಎರಡು ಲೋಹದ ಎಲೆಗಳು ಸದ್ದಿಲ್ಲದೆ ಒಂದನ್ನೊಂದು ತಾಗುತ್ತಿದ್ದವು; ಮುಂದೆ ‘ಕಿಟಕ್’ ಎನ್ನುವ ಮೈಕ್ರೋಸ್ವಿಚ್ಚುಗಳು ಬಂದವು. ಕೋಲನ್ನು ಮೂಲೆಗೆ ವಾಲಿಸಿದರೆ ಅಕ್ಕಪಕ್ಕದ ಎರಡು ಸ್ವಿಚ್ಚು ಒಟ್ಟಿಗೆ ಒತ್ತುತ್ತವೆ. ಹೀಗೆ ನಾಲ್ಕರಿಂದಲೇ ಎಂಟು ದಿಕ್ಕು. ಮೂಲೆ ಬೇಡವಾದ ಆಟಕ್ಕೆ ಕೋಲಿನ ಸುತ್ತ ಒಂದು ತಡೆಪಟ್ಟಿ ಕೂರಿಸಿ ಅದರ ಹಾದಿಯನ್ನು ಬಿಗಿ ಮಾಡುತ್ತಾರೆ. 1980ರಲ್ಲಿ ಜಪಾನಿನ ತೊರು ಇವಾತಾನಿ ರಚಿಸಿದ ‘ಪ್ಯಾಕ್-ಮ್ಯಾನ್’ ಇಂಥ ನಾಲ್ಕು ದಿಕ್ಕಿನ ಕೋಲಿನ ಆಟ. ಹಲಗೆಯ ನಡುವೆ ಒಂದೇ ಕೋಲು. ಆಡಲು ಬೇರೆ ಗುಂಡಿಯೇ ಇಲ್ಲ. ಯಾವ ಕೈಯಿಂದಲಾದರೂ ಹಿಡಿಯಿರಿ ಎನ್ನುವ ಆ ಔದಾರ್ಯ ನನಗೆ ಮೆಚ್ಚುಗೆಯಾಯಿತು.

ಎಲ್ಲ ಹಲಗೆಗಳೂ ಅಷ್ಟು ಉದಾರವಲ್ಲ. 1979ರ ‘ಆಸ್ಟರಾಯ್ಡ್ಸ್’ನಲ್ಲಿ ಕೋಲೇ ಇಲ್ಲ, ಐದು ಗುಂಡಿ. ಯುಜೀನ್ ಜಾರ್ವಿಸ್‌ನ ‘ಡಿಫೆಂಡರ್’ನಲ್ಲಿ ಎಡಕ್ಕೆ ಕೋಲು, ಅದರ ಜೊತೆಗೆ ಐದು ಗುಂಡಿ. ಬಾದಾಮಿಯ ಮೊದಲ ಗುಹೆಯ ಹೊರಗೋಡೆಯಲ್ಲಿ ನರ್ತಿಸುವ ಶಿವನಿಗೆ ಹದಿನೆಂಟು ತೋಳುಗಳಿವೆ. ಅಂಥವನಿಗೇ ಈ ಆಟ ತಕ್ಕುದು ಎಂದು ಚಿತ್ರ ನೋಡಿದಾಗ ನನಗನ್ನಿಸಿತು. ಅದೇ ಜಾರ್ವಿಸ್ 1982ರ ‘ರೋಬೋಟ್ರಾನ್’ನಲ್ಲಿ ಗುಂಡಿಗಳನ್ನೆಲ್ಲ ಕಿತ್ತು ಎರಡು ಕೋಲುಗಳನ್ನಿಟ್ಟ: ಒಂದು ನಡೆಯಲು, ಒಂದು ಗುಂಡು ಹಾರಿಸಲು. ಅಪಘಾತದಲ್ಲಿ ಕೈಗೆ ಪೆಟ್ಟಾಗಿ ಗುಂಡಿ ಒತ್ತಲಾಗದೆ ಇದ್ದ ದಿನಗಳಲ್ಲಿ ಅದು ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ನೊಂದ ಕೈಯಿಂದ ಹುಟ್ಟಿದ ಹಲಗೆ ಅದು. ಇದಕ್ಕೆ ವಿರುದ್ಧವಾದದ್ದು 1987ರ ‘ಸ್ಟ್ರೀಟ್ ಫೈಟರ್’. ಅದರ ಮೊದಲ ಪೆಟ್ಟಿಗೆಗಳಲ್ಲಿ ಗುದ್ದಿದಷ್ಟು ಬಲದ ಹೊಡೆತ ಮೂಡಲೆಂದು ದೊಡ್ಡ ಮೆತ್ತೆಗಳನ್ನು ಕೂರಿಸಿದ್ದರು. ಜನ ನಿಜವಾಗಿಯೇ ಗುದ್ದಿದರು. ಕೈ ನೊಂದವು, ಪೆಟ್ಟಿಗೆಗಳೂ ಜಖಂಗೊಂಡವು. ಮೆತ್ತೆ ಹೋಗಿ ಆರು ಗುಂಡಿಗಳು ಬಂದವು, ಮೂರು ಗುದ್ದಿಗೆ, ಮೂರು ಒದೆತಕ್ಕೆ.

ಕೋಲು ಎಡಗೈಗೇ ಏಕೆ ಬಂದಿತು? ಅಟಾರಿಯವರು 1977ರಲ್ಲಿ ಮನೆಯ ಟೀವಿಗಾಗಿ ತಂದ ಉಪಕರಣದಲ್ಲಿ ಗುಂಡಿಯೇ ಎಡಮೂಲೆಯಲ್ಲಿತ್ತು, ಕೋಲು ಬಲಗೈಗೆ. 1981ರ ‘ಡಾಂಕಿ ಕಾಂಗ್’ ಹಲಗೆಯಲ್ಲಿ ಕೋಲು ಎಡಕ್ಕೆ, ಜಿಗಿಯುವ ಗುಂಡಿ ಬಲಕ್ಕೆ. ಪೆಟ್ಟಿಗೆಗಳಲ್ಲಿ ಕ್ರಮೇಣ ಈ ಪದ್ಧತಿಯೇ ನೆಲೆನಿಂತಿತು. ಎಡಗೈಗೆ ಕಷ್ಟ ಕೊಟ್ಟರೆ ಆಟಗಾರ ಬೇಗ ಸೋಲುತ್ತಾನೆ, ನಾಣ್ಯ ಬೇಗ ಬೀಳುತ್ತದೆ ಎಂಬ ವಿವರಣೆಯೊಂದುಂಟು. ಚುರುಕಾಗಿ ಬಡಿಯುವ ಕೆಲಸ ಬಲಗೈಗೆ, ಹದವಾಗಿ ನಡೆಸುವ ಕೆಲಸ ಎಡಗೈಗೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ವ್ಯಾಪಾರಿಯ ಬುದ್ಧಿಯನ್ನು ತುಸು ಹೆಚ್ಚಾಗಿಯೇ ನಂಬಿದಂತಿದೆ. ನನ್ನ ಒಲವು ಎರಡನೆಯದರ ಕಡೆಗೆ. ಅದಕ್ಕೆ ಕಾರಣ ಇಳಕಲ್ಲಿನ ಆ ಮಗ್ಗ.

ಕುಣಿಮಗ್ಗದಲ್ಲಿ ನೇಕಾರ ನೆಲದಂಚಿಗೆ ಕೂತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟಿರುತ್ತಾನೆ. ಕಾಲು ತುಳಿದಾಗ ಹಾಸಿನ ಎಳೆಗಳು ಬಾಯ್ದೆರೆಯುತ್ತವೆ. ಹಗ್ಗದ ಮಗ್ಗವಾದರೆ ಬಲಗೈ ಹಗ್ಗವನ್ನು ಥಟ್ಟನೆ ಜಗ್ಗಿ ಲಾಳಿಯನ್ನು ಓಡಿಸುತ್ತದೆ. ಎಡಗೈ ಹಣಿಗೆಯ ಹಲಗೆಯನ್ನು ಹದವರಿತು ತನ್ನತ್ತ ಎಳೆದು ಹೊಕ್ಕನ್ನು ಕೂರಿಸುತ್ತದೆ. ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆಯಾದ ಸೀರೆಗೆ ಒಡಲಿಗೊಂದು, ಅಂಚುಗಳಿಗೆರಡು, ಹೀಗೆ ಮೂರು ಲಾಳಿ ಬೇಕು. ಒಡಲಿನ ಹತ್ತಿಯ ಹಾಸನ್ನೂ ಸೆರಗಿನ ರೇಶಿಮೆಯ ಹಾಸನ್ನೂ ಎಳೆಗೆಳೆ ಕುಣಿಕೆಯಾಗಿ ಕೂಡಿಸುವ ಕೊಂಡಿಯ ಕೆಲಸವಂತೂ ಪೂರ್ತಿ ಬೆರಳುಗಳದ್ದು. ಆ ತಂದೆ ಕೇಳಿದ್ದು ಕುತೂಹಲಕ್ಕಲ್ಲ. ಮಗನ ಕೈಗಳು ಯಾವ ಕೆಲಸಕ್ಕೆ ಪಳಗುತ್ತಿವೆ ಎಂದು ತಿಳಿಯಲು ಕೇಳಿದರು.

ನಮ್ಮ ವಿದ್ವತ್ತಿನ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಬಾದಾಮಿಯ ಮೂರನೆಯ ಗುಹೆಯ 578ರ ಶಾಸನವನ್ನು ನಾನು ವರ್ಷವರ್ಷವೂ ಪಾಠ ಮಾಡಿದೆ. ಆ ಗುಹೆಯನ್ನು ಕಡೆದವನು ಉಳಿಯನ್ನು ಹೇಗೆ ಹಿಡಿದಿದ್ದ ಎಂದು ಒಮ್ಮೆಯೂ ಕೇಳಲಿಲ್ಲ. ಆಟದ ಪೆಟ್ಟಿಗೆಗಳಿಗೂ ಈಗ ಅದೇ ಗತಿ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಪ್ರಾರಂಭಿಸಿದ ‘ಮೇಮ್’ ಎಂಬ ತಂತ್ರಾಂಶದ ಪುಣ್ಯದಿಂದ ಸಾವಿರಾರು ಹಳೆಯ ಆಟಗಳು ಕಂಪ್ಯೂಟರಿನಲ್ಲಿ ಉಳಿದಿವೆ. ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ 1981ರ ‘ಟೆಂಪೆಸ್ಟ್’ ಆಟವನ್ನು ಕೊನೆಯಿಲ್ಲದೆ ಸುತ್ತುವ ತಿರುಗುಗುಂಡಿಯಿಂದ ಆಡುತ್ತಿದ್ದರು. 1980ರ ‘ಮಿಸೈಲ್ ಕಮಾಂಡ್’ನಲ್ಲಿ ಅಂಗೈಯಡಿ ಉರುಳುವ ಚೆಂಡೊಂದಿತ್ತು. ಅವನ್ನು ಕೀಲಿಮಣೆಯ ಬಾಣದ ಗುರುತುಗಳನ್ನು ಒತ್ತಿ ಆಡಿದರೆ ಚಿತ್ರ ಅದೇ, ಆಟ ಅದಲ್ಲ. ಸೀರೆಯ ಛಾಯಾಚಿತ್ರವನ್ನು ಇಟ್ಟುಕೊಂಡು ಮಗ್ಗವನ್ನು ಕಳೆದ ಹಾಗೆ.

ಆ ಹುಡುಗ ಮಗ್ಗಕ್ಕೆ ಕೂರಲಿಲ್ಲ. ಈಗ ಬಾಗಲಕೋಟೆಯ ನವನಗರದಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ತಂದೆ ತೀರಿಕೊಂಡ ಮೇಲೆ ಕುಣಿಯನ್ನು ಮುಚ್ಚಿ ಮೇಲೆ ಫರಸಿ ಹಾಸಿದರಂತೆ. ಕಳೆದ ವರ್ಷ ಅವನ ಅಂಗಡಿಗೆ ಹೋಗಿ, ಮೂವತ್ತು ವರ್ಷಕ್ಕೂ ಹಳೆಯದಾದ ಆ ಪ್ರಶ್ನೆಯನ್ನು ನೆನಪಿಸಿದೆ. ಅವನು ನಕ್ಕು ಅಟ್ಟದ ಮೇಲಿಂದ ಒಂದು ಹಲಗೆ ಇಳಿಸಿದ. ಸೈಕಲ್ ಅಂಗಡಿಯವರು ಪೆಟ್ಟಿಗೆಯನ್ನು ಗುಜರಿಗೆ ಹಾಕಿದಾಗ ಇವನು ಅದನ್ನು ಬೇಡಿ ತಂದಿದ್ದ. ಕೋಲಿನ ತಲೆಯ ಗುಂಡು ಆಟದ ದಿನಗಳಲ್ಲೇ ಕಳೆದುಹೋಗಿ, ಆ ಜಾಗಕ್ಕೆ ಕಪಾಟಿನ ಕಟ್ಟಿಗೆಯ ಹಿಡಿಕೆಯೊಂದನ್ನು ಸಿಕ್ಕಿಸಿದ್ದರು. ಎಡಗಡೆ ಅಂಗೈ ಊರುವಲ್ಲಿ ಬಣ್ಣವೆಲ್ಲ ಸವೆದು ಮರ ನುಣುಪಾಗಿತ್ತು. ಬಲಗಡೆ ಬಣ್ಣ ಹಾಗೆಯೇ ಇತ್ತು, ಗುಂಡಿಗಳಲ್ಲೊಂದು ಮಾತ್ರ ಕುಸಿದು ಹೋಗಿತ್ತು.

ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳನ್ನು ಅವುಗಳ ಸ್ಥಾನಕ್ಕೆ ತಂದು, “ಈಗ ನೋಡ್ರಿ ಸರ್ರ” ಎಂದ.