ಬೇವಿನೆಣ್ಣೆಯ ವ್ಯಾಜ್ಯ

ಮನೆಯ ಮುಂದಿನ ಮರ ತನ್ನದೆಂದು ನೆರೆಯವನು ತಕರಾರು ತೆಗೆದರೆ ನಾವು ಕಾಗದಪತ್ರ ಹುಡುಕುತ್ತೇವೆ. ‘ಇದು ನಮ್ಮಜ್ಜ ನೆಟ್ಟ ಮರ’ ಎಂಬ ಮಾತು ಊರಿನ ಪಂಚಾಯಿತಿಗೆ ಸಾಕು, ಕಚೇರಿಗೆ ಸಾಲದು. ಬೇವಿನ ಎಣ್ಣೆಯ ಬಗೆಗೂ ಇಂಥದೇ ಒಂದು ವ್ಯಾಜ್ಯ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸುಮಾರು ಹತ್ತು ವರ್ಷ ನಡೆಯಿತು. ಕೊನೆಗೆ ಬೇವು ನಮಗೇ ಉಳಿಯಿತೆಂದು ಎಲ್ಲರೂ ಹಿಗ್ಗಿದೆವು. ಆದರೆ ಅದು ಉಳಿದದ್ದು ಯಾರ ಸಾಕ್ಷ್ಯದಿಂದ ಎಂಬುದನ್ನು ಹೆಚ್ಚು ಮಂದಿ ಗಮನಿಸಿದಂತೆ ಕಾಣೆ.

ಬೇವಿಗೂ ಹುಳುವಿಗೂ ಇರುವ ವೈರ ನಮಗೆ ಹೊಸದಲ್ಲ. ಜೋಳದ ಕಣಜಕ್ಕೆ ಒಣಗಿದ ಬೇವಿನೆಲೆ. ಪೆಟ್ಟಿಗೆಯಲ್ಲಿರುವ ಸೀರೆಯ ಮಡಿಕೆಗೂ ಅದೇ ಎಲೆ. ಗಾಣದಲ್ಲಿ ಎಣ್ಣೆ ತೆಗೆದು ಉಳಿದ ಹಿಂಡಿ ತೋಟದ ಗಿಡಗಳ ಬುಡಕ್ಕೆ. ಹಳೆಯ ಮೈಸೂರಿನ ಕಡೆ ಹೊಂಗೆಯ ಹಿಂಡಿಯೂ ಈ ಕೆಲಸಕ್ಕೆ ಒದಗುತ್ತಿತ್ತು. ಇದನ್ನೆಲ್ಲ ಯಾರು, ಯಾವ ಇಸವಿಯಲ್ಲಿ ಕಂಡುಹಿಡಿದರೆಂದು ಕೇಳಿದವರಿಲ್ಲ. ಯುಗಾದಿಯ ದಿನ ಬೆಲ್ಲದೊಡನೆ ಬಾಯಿಗೆ ಹಾಕಿಕೊಳ್ಳುವ ವಸ್ತುವಿಗೆ ದಾಖಲೆ ಬೇರೆ ಏಕೆ ಎಂದು ನಮ್ಮ ಭಾವನೆ.

ಆಧುನಿಕ ವಿಜ್ಞಾನದ ಕಣ್ಣು ಇತ್ತ ಹೊರಳಿದ್ದು ಮಿಡತೆಗಳ ದೆಸೆಯಿಂದ. 1959ರಲ್ಲಿ ಸುಡಾನಿನಲ್ಲಿದ್ದ ಹೈನ್ರಿಚ್ ಶ್ಮುಟೆರರ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞರು ಒಂದು ವಿಚಿತ್ರವನ್ನು ಕಂಡರು. ಮಿಡತೆಯ ಹಿಂಡು ಬಂದು ಸುತ್ತಲಿನ ಹಸಿರನ್ನೆಲ್ಲ ಬೋಳಿಸಿದ್ದರೂ ಬೇವಿನ ಮರಗಳು ಮಾತ್ರ ಎಲೆ ತುಂಬಿಕೊಂಡು ನಿಂತಿದ್ದವು. ಮೂರು ವರ್ಷಗಳ ಬಳಿಕ, 1962ರಲ್ಲಿ, ದೆಹಲಿಗೇ ಮಿಡತೆ ಬಂದಿತು. ಅಲ್ಲಿನ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಅವರ ಸಂಗಡಿಗರು ಬೇವಿನ ಬೀಜದ ತಿರುಳನ್ನು ಅರೆದು, ನೀರಿನಲ್ಲಿ ಕದಡಿ, ಬೆಳೆಗೆ ಸಿಂಪಡಿಸಿದರು. ಸಾವಿರ ಪಾಲು ನೀರಿಗೆ ಒಂದೇ ಪಾಲು ತಿರುಳು! ಮಿಡತೆಗಳು ಬಂದು ಕುಳಿತವು, ಬಾಯಿ ಹಾಕಲಿಲ್ಲ.

ಇಷ್ಟಾದರೂ ಇದು ಲೋಕವಾರ್ತೆಯಾಗಲಿಲ್ಲ. ಆಗ ನಡೆಯುತ್ತಿದ್ದುದು ಡಿ.ಡಿ.ಟಿ.ಯ ದರ್ಬಾರು. ಅದರ ಕೀಟನಾಶಕ ಗುಣವನ್ನು ಕಂಡುಕೊಂಡ ಪಾಲ್ ಮುಲ್ಲರ್ ಅವರಿಗೆ 1948ರಲ್ಲೇ ನೊಬೆಲ್ ಪಾರಿತೋಷಕ ಬಂದಿತ್ತು. ಪ್ಯಾರಾಥಿಯಾನ್ ಎಂಬ ಇನ್ನೊಂದು ವಿಷ ಗೋಧಿಗೆ ಬೆರೆತು 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದಲ್ಲಿ ಕೀಟನಾಶಕಗಳಿಗೆಂದೇ ಒಂದು ಕಾನೂನು ಬರಲು 1968ರವರೆಗೆ ಕಾಯಬೇಕಾಯಿತು. ರಾಚೆಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಹೊರಬಂದದ್ದು ದೆಹಲಿಯ ಮಿಡತೆಗಳ ವರ್ಷವೇ. ಆ ಪುಸ್ತಕ ಮನೆಮಾತಾಯಿತು. ಪ್ರಧಾನರ ತಿರುಳಿನ ನೀರು ಸಂಶೋಧನ ಪತ್ರಿಕೆಗಳಲ್ಲಿ ತಂಗಿತು.

1968ರಲ್ಲಿ ಇಂಗ್ಲೆಂಡಿನ ಕೀಲ್‌ನಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಎಂಬಿಬ್ಬರು ಬೇವಿನ ಬೀಜದಿಂದ ಅದರ ಮುಖ್ಯ ಕಹಿವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಅಜಾಡಿರಾಕ್ಟಿನ್ ಎಂದು ಹೆಸರಾಯಿತು. ಮರದ ಶಾಸ್ತ್ರೀಯ ನಾಮದಿಂದ ಬಂದ ಹೆಸರು. ಆ ನಾಮದ ಮೂಲ ಪಾರಸಿಯ ‘ಆಜಾದ್ ದರಖ್ತ್’, ಎಂದರೆ ಸ್ವತಂತ್ರ ವೃಕ್ಷ. ಮುಂದೆ ನಡೆದದ್ದನ್ನು ನೆನೆದರೆ ಈ ಹೆಸರಿಗೆ ನಗಬೇಕೋ ಅಳಬೇಕೋ ತಿಳಿಯದು.

ಈ ವಸ್ತುವಿನ ಕೆಲಸ ನಿಧಾನದ್ದು. ಹುಳು ಬೆಳೆಯುವಾಗ ಪೊರೆ ಕಳಚಬೇಕಷ್ಟೆ. ಅದಕ್ಕೆ ಬೇಕಾದ ಹಾರ್ಮೋನಿನ ವ್ಯವಸ್ಥೆಯನ್ನೇ ಇದು ಕೆಡಿಸುತ್ತದೆ. ಹುಳು ತಿನ್ನುವುದನ್ನು ಬಿಡುತ್ತದೆ, ಬೆಳೆಯದೆ ಕುಗ್ಗುತ್ತದೆ. ಎಣ್ಣೆಯ ಜಿಡ್ಡಾದರೋ ಮೃದು ಮೈಯ ಕೀಟಗಳ ಉಸಿರು ಕಟ್ಟಿಸುತ್ತದೆ. ಸಿಂಪಡಿಸಿದ ಮರುಗಳಿಗೆಯೇ ಹುಳುಗಳು ಸತ್ತು ಬೀಳಬೇಕೆನ್ನುವ ನಮ್ಮಂಥ ಪಟ್ಟಣಿಗರಿಗೆ ಇದು ಹಿಡಿಸುವುದಿಲ್ಲ. ನನ್ನ ದಾಸವಾಳಕ್ಕೆ ಹಿಟ್ಟು ತಿಗಣೆ ಮುತ್ತಿದಾಗ ನಾನು ಮಾಡುವುದಿಷ್ಟು: ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬೇವಿನೆಣ್ಣೆ, ಎಣ್ಣೆ ನೀರಿನೊಡನೆ ಬೆರೆಯುವಂತೆ ಕೆಲವು ಹನಿ ಸೋಪಿನ ದ್ರವ; ಸಿಂಪಡಿಸುವುದು ಸಂಜೆ, ಏಕೆಂದರೆ ಬಿಸಿಲಿಗೆ ಇದರ ಸತ್ತ್ವ ಬೇಗ ಅಳಿಯುತ್ತದೆ. ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿಯಾದರೂ ಬೇಕು.

ಈ ‘ಬೇಗ ಅಳಿಯುವ’ ಗುಣವೇ ವ್ಯಾಪಾರಿಗಳನ್ನು ಕಾಡಿದ ತೊಡಕು. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುವ ಸರಕು ಅವರಿಗೆ ಬೇಕು. ರಾಬರ್ಟ್ ಲಾರ್ಸನ್ ಎಂಬ ಅಮೆರಿಕದ ಮರದ ವರ್ತಕರು 1971ರಲ್ಲಿ ಭಾರತದಿಂದ ಬೇವಿನ ಬೀಜ ತರಿಸಿಕೊಂಡು ಪ್ರಯೋಗಕ್ಕೆ ತೊಡಗಿದರು. 1985ರಲ್ಲಿ ಅವರ ‘ಮಾರ್ಗೋಸಾನ್-ಓ’ ಎಂಬ ಸಿಂಪಡಣೆಗೆ ಅಲ್ಲಿನ ಸರಕಾರದ ಅನುಮತಿ ದೊರೆಯಿತು. ಮೂರು ವರ್ಷಗಳ ಬಳಿಕ ಅದರ ಹಕ್ಕನ್ನು ಡಬ್ಲ್ಯು. ಆರ್. ಗ್ರೇಸ್ ಎಂಬ ದೊಡ್ಡ ಕಂಪನಿ ಕೊಂಡಿತು. ಬೆಂಗಳೂರಿನ ಒಂದು ಸಂಸ್ಥೆಯೊಡನೆ ಸೇರಿ ನಮ್ಮ ತುಮಕೂರಿನಲ್ಲೇ ಬೇವಿನ ಬೀಜ ಸಂಸ್ಕರಿಸುವ ಕಾರ್ಖಾನೆಯನ್ನೂ ನಡೆಸಿತು. 1994ರಲ್ಲಿ ಈ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಜಂಟಿಯಾಗಿ ಐರೋಪ್ಯ ಪೇಟೆಂಟ್ ಕಚೇರಿ ಒಂದು ಪೇಟೆಂಟ್ ನೀಡಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ಬೇವಿನ ಮರವನ್ನೇ ಪೇಟೆಂಟ್ ಮಾಡಿಸಿಕೊಂಡರು’ ಎಂದು ಭಾಷಣಗಳಲ್ಲಿ ಕೇಳಿದ್ದೇವೆ. ಅದು ಸರಿಯಲ್ಲ. ದ್ರಾವಕದಿಂದ ತೆಗೆದ ಬೇವಿನೆಣ್ಣೆಯನ್ನು ಬಳಸಿ ಗಿಡಗಳ ಬೂಷ್ಟುರೋಗವನ್ನು ತಡೆಯುವ ವಿಧಾನವೊಂದೇ ಆ ಪೇಟೆಂಟಿನ ವಸ್ತು. ಆದರೂ ರೈತರ ಕಳವಳ ಹುಸಿಯಾಗಿರಲಿಲ್ಲ. 1970ರ ಭಾರತೀಯ ಕಾನೂನಿನಂತೆ ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ. ಹಾಗಾಗಿ ಇದೊಂದು ಆಸ್ತಿಯೆಂಬ ಯೋಚನೆಯೇ ಇಲ್ಲಿ ಹುಟ್ಟಿರಲಿಲ್ಲ. 1993ರ ಅಕ್ಟೋಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕರೆಗೆ ಓಗೊಟ್ಟು ಬೆಂಗಳೂರಿನಲ್ಲಿ ಭಾರಿ ಸಂಖ್ಯೆಯಲ್ಲಿ ನೆರೆದ ರೈತರು ಕೇಳಿದ್ದೂ ಇದನ್ನೇ: ಬೀಜದ ಮೇಲೆ, ಅದರ ಅರಿವಿನ ಮೇಲೆ ಒಡೆತನ ಯಾರದು?

1995ರಲ್ಲಿ ಮೂವರು ಮ್ಯೂನಿಕ್ಕಿನ ಪೇಟೆಂಟಿಗೆ ಆಕ್ಷೇಪ ಸಲ್ಲಿಸಿದರು: ನಮ್ಮ ವಂದನಾ ಶಿವ, ಐರೋಪ್ಯ ಸಂಸತ್ತಿನ ಹಸಿರು ಪಕ್ಷದವರು, ಸಾವಯವ ಕೃಷಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ. ಅಮೆರಿಕಕ್ಕೆ ಹೋಗದೆ ಯೂರೋಪಿನಲ್ಲಿ ಹೂಡಿದ್ದು ಅನುಕೂಲವೇ ಆಯಿತು. ಆ ಕಾಲದ ಅಮೆರಿಕದ ಕಾನೂನಿನಲ್ಲಿ, ಪರದೇಶದ ಬಳಕೆ ಎಷ್ಟು ಹಳೆಯದಾದರೂ, ಅಚ್ಚಾಗಿರದಿದ್ದರೆ ಲೆಕ್ಕಕ್ಕಿಲ್ಲ. ಯೂರೋಪಿನಲ್ಲಿ ಹಾಗಲ್ಲ, ಲೋಕದ ಯಾವ ಮೂಲೆಯಲ್ಲೇ ಆಗಲಿ, ಸಾರ್ವಜನಿಕರ ಕಣ್ಣೆದುರು ಮೊದಲೇ ನಡೆದಿದ್ದರೆ ಅದೂ ಪುರಾವೆ.

2000ದ ಮೇ ತಿಂಗಳಲ್ಲಿ ಎರಡು ದಿನ ವಿಚಾರಣೆ ನಡೆಯಿತು. ಅಂದು ತೂಗಿದ್ದು ವೇದಕಾಲದ ವೈಭವವಲ್ಲ, ಅಭಯ ಫಡ್ಕೆ ಎಂಬ ಭಾರತೀಯ ಉದ್ಯಮದ ವ್ಯವಸ್ಥಾಪಕರೊಬ್ಬರ ಸಾಕ್ಷ್ಯ. 1985 ಮತ್ತು 1986ರಲ್ಲಿ ಮಹಾರಾಷ್ಟ್ರದ ಪುಣೆ, ಸಾಂಗ್ಲಿ ಜಿಲ್ಲೆಗಳ ಹೊಲಗಳಲ್ಲಿ, ರೈತರ ಸಮಕ್ಷಮದಲ್ಲಿ, ಇಂಥದೇ ಬೇವಿನ ಸಾರವನ್ನು ಸಿಂಪಡಿಸಿ ನೋಡಿದ್ದಾಗಿ ಅವರು ಹೇಳಿದರು. ಊರು, ಇಸವಿ, ಬೆಳೆ, ಎಲ್ಲಕ್ಕೂ ಉತ್ತರವಿತ್ತು. ಕಣಜದ ಬೇವಿನೆಲೆ ಕೊಡಲಾರದ ಉತ್ತರ ಅದು. ಮೇ 10ರಂದು ಪೇಟೆಂಟ್ ರದ್ದಾಯಿತು. ಕಂಪನಿಯ ಕಡೆಯವರು ಮೇಲ್ಮನವಿ ಸಲ್ಲಿಸಿದರು. 2005ರ ಮಾರ್ಚ್ 8ರಂದು ಅದೂ ತಿರಸ್ಕೃತವಾಯಿತು. ‘ಅಜ್ಜಿಯ ಜ್ಞಾನಕ್ಕೆ ಜಯ’ ಎಂದು ಸಂಭ್ರಮಿಸಿದವರಿದ್ದರು. ಅಜ್ಜಿಯ ಮೇಲೆ ನನಗೂ ಗೌರವ ಕಡಮೆಯಿಲ್ಲ. ಆದರೆ ಹದಿನೈದು ವರ್ಷದ ಹಿಂದಿನ ಹೊಲದ ಲೆಕ್ಕ ಹೇಳಬಲ್ಲವರೊಬ್ಬರು ದೊರೆಯದಿದ್ದರೆ ಅಜ್ಜಿಯ ಗತಿ ಏನಾಗುತ್ತಿತ್ತೋ! ಅಮೆರಿಕದಲ್ಲಿ ಕೊಟ್ಟಿದ್ದ ಬೇವಿನ ಪೇಟೆಂಟುಗಳನ್ನಂತೂ ಈ ತೀರ್ಪು ಮುಟ್ಟಲೇ ಇಲ್ಲ.

ನಮ್ಮ ಸರಕಾರ ಈ ಬಗೆಯ ವ್ಯಾಜ್ಯಗಳಿಂದ ಪಾಠ ಕಲಿತು, 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಭಂಡಾರವನ್ನು ಆರಂಭಿಸಿತು. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ವಿಷಯ ಅಲ್ಲಿ ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನೀ ಭಾಷೆಗಳಲ್ಲಿ ಪೇಟೆಂಟ್ ಪರೀಕ್ಷಕರಿಗೆ ಓದಸಿಗುತ್ತದೆ. ಗ್ರಂಥಕ್ಕೆ ಏರದ, ಗಾಣದವರ ಮತ್ತು ತೋಟದವರ ಬಾಯಲ್ಲಷ್ಟೇ ಇರುವ ಹೊಂಗೆ–ಬೇವಿನ ವಿವರಗಳನ್ನು ಬರೆದುಕೊಳ್ಳುವ ಕೆಲಸ ಇನ್ನೂ ಬೇಕಾದಷ್ಟಿದೆ.

ಅಂದಹಾಗೆ, ಕೇಂಬ್ರಿಜಿನ ಸ್ಟೀವನ್ ಲೇ ಮತ್ತು ಸಂಗಡಿಗರು ಅಜಾಡಿರಾಕ್ಟಿನ್ನನ್ನು ಪ್ರಯೋಗಶಾಲೆಯಲ್ಲೇ ಕಟ್ಟಲು ಹೊರಟು, ಇಪ್ಪತ್ತೆರಡು ವರ್ಷ ದುಡಿದು, 2007ರಲ್ಲಿ ಯಶಸ್ವಿಯಾದರು. ಆ ದಾರಿ ಎಷ್ಟು ಉದ್ದವೆಂದರೆ, ಮಾರುಕಟ್ಟೆಗೆ ಬರುವ ಅಜಾಡಿರಾಕ್ಟಿನ್ ಇಂದಿಗೂ ಬೇವಿನ ಬೀಜದಿಂದ ತೆಗೆದದ್ದೇ.