ಸಕಾರಾಂತವೆಲ್ಲ ಬಹುವಚನವಲ್ಲ: ಇಂಗ್ಲಿಷಿನ ಕೆಲವು ನಾಮಪದಗಳ ಕುರಿತು

ಸಿಸರ್ಸ್, ಟ್ರೌಸರ್ಸ್, ನ್ಯೂಸ್, ಮ್ಯಾಥಮ್ಯಾಟಿಕ್ಸ್, ಮೀಸಲ್ಸ್, ಆಮ್ಸ್, ರಿಚಸ್, ಸಮನ್ಸ್. ಇಂಗ್ಲಿಷಿನ ಈ ನಾಮಪದಗಳು ಕೊನೆಯ ಸಕಾರವನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಅಷ್ಟರಿಂದಲೇ ಇವನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿ ‘ನಿತ್ಯಬಹುವಚನ’ ಎನ್ನುವ ರೂಢಿ ನಮ್ಮಲ್ಲಿದೆ. ಆ ಹೆಸರು ಇವುಗಳಲ್ಲಿ ಕೆಲವಕ್ಕೆ ಮಾತ್ರ ಸಲ್ಲುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ನಿತ್ಯಬಹುವಚನ ನಮಗೆ ಸಂಸ್ಕೃತ ವ್ಯಾಕರಣದಿಂದ ಪರಿಚಿತವಾದ ಪರಿಭಾಷೆ. ಪಾಣಿನೀಯ ಸಂಪ್ರದಾಯದ ಲಿಂಗಾನುಶಾಸನವು ದಾರ, ಅಕ್ಷತ, ಲಾಜ, ಅಸು ಎಂಬ ನಾಲ್ಕು ಶಬ್ದಗಳನ್ನು ಒಟ್ಟಿಗೆ ಹೇಳಿ ಅವುಗಳಿಗೆ ಪುಲ್ಲಿಂಗ ಬಹುವಚನವನ್ನು ವಿಧಿಸುತ್ತದೆ. ಹೆಂಡತಿ ಒಬ್ಬಳೇ ಆದರೂ ‘ದಾರಾಃ’. ಅದರ ವಿಶೇಷಣ, ಕ್ರಿಯಾಪದಗಳೂ ಬಹುವಚನದಲ್ಲೇ ಇರಬೇಕು. ಅಂದರೆ ಶಬ್ದದ ರೂಪವಷ್ಟೇ ಅಲ್ಲ, ವಾಕ್ಯದಲ್ಲಿ ಅದು ನಡೆದುಕೊಳ್ಳುವ ರೀತಿಯೂ ಬಹುವಚನದ್ದು. ಇದೇ ಅಳತೆಗೋಲನ್ನು ಇಂಗ್ಲಿಷಿಗೂ ಹಿಡಿದು ನೋಡಬೇಕು.

ಎರಡು ಅಲಗು, ಎರಡು ಕಾಲು, ಎರಡು ಗಾಜು ಉಳ್ಳ ವಸ್ತುಗಳ ಹೆಸರುಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಸಿಸರ್ಸ್, ಟ್ರೌಸರ್ಸ್, ಸ್ಪೆಕ್ಟಕಲ್ಸ್ ಇವುಗಳಿಗೆ ‘ಆರ್’ ಕ್ರಿಯಾಪದವೇ ಬೇಕು. ಒಂದನ್ನು ಎಣಿಸಲು ‘ಪೇರ್’ ಎಂಬ ಪದದ ನೆರವು ಬೇಕು. ಈ ಮಾದರಿ ಎಷ್ಟು ಬಲವಾದದ್ದೆಂದರೆ, ಗೇಲಿಕ್ ಮೂಲದ ‘ಟ್ರೌಸ್’ ಎಂಬ ಪದ ಬ್ರೀಚಸ್, ಡ್ರಾಯರ್ಸ್‌ಗಳ ಸಹವಾಸದಲ್ಲಿ ‘ಟ್ರೌಸರ್ಸ್’ ಆಯಿತು. ಆದರೂ ಸಮಾಸದ ಪೂರ್ವಪದವಾದಾಗ ಇವು ಹೆಚ್ಚಾಗಿ ಸಕಾರವನ್ನು ಕಳಚಿಡುತ್ತವೆ: ಟ್ರೌಸರ್ ಪಾಕೆಟ್, ಸ್ಪೆಕ್ಟಕಲ್ ಕೇಸ್. ಕಳಚಬಹುದಾದ ಆ ಸಕಾರ ಪ್ರತ್ಯಯವೇ ಹೊರತು ಪ್ರಕೃತಿಯ ಭಾಗವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕಿಂತ ಸ್ವಾರಸ್ಯವಾದದ್ದು ಸಕಾರವು ಪ್ರಕೃತಿಯಲ್ಲೇ ಇರುವ ಗುಂಪು. ಆಮ್ಸ್ ಗ್ರೀಕ್ ಮೂಲದ ‘ಎಲೆಎಮೊಸುನೆ’ ಎಂಬ ಪದದಿಂದ ಲ್ಯಾಟಿನ್ ಮೂಲಕ ಬಂದು, ಹಳೆಯ ಇಂಗ್ಲಿಷಿನಲ್ಲಿ ‘ಎಲ್ಮೆಸ್ಸೆ’ ಎಂಬ ಏಕವಚನವಾಗಿತ್ತು. ರಿಚಸ್ ಫ್ರೆಂಚಿನ ‘ರಿಶೆಸ್’. ಸಿರಿವಂತಿಕೆ ಎಂಬ ಭಾವನಾಮ. ಈವ್ಸ್, ಅಂದರೆ ಸೂರಂಚು, ಹಳೆಯ ಇಂಗ್ಲಿಷಿನ ‘ಎವೆಸ್’. ಮೂರರಲ್ಲೂ ಬಹುವಚನದ ಸೋಂಕೇ ಇರಲಿಲ್ಲ. ಕಿವಿಗೆ ಸಕಾರ ಬಿದ್ದದ್ದರಿಂದ ಆಡುವವರು ಅದನ್ನು ಪ್ರತ್ಯಯವೆಂದು ಬಗೆದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಈ ಬದಲಾವಣೆಗೆ ಮುಂಚಿನ ಬಳಕೆ ಇನ್ನೂ ಉಳಿದಿದೆ. ಅಪೊಸ್ತಲರ ಕೃತ್ಯಗಳು ಭಾಗದ 3ನೇ ಅಧ್ಯಾಯದಲ್ಲಿ ಆಮ್ಸ್‌ನ ಹಿಂದೆ ‘ಆ್ಯನ್’ ಎಂಬ ಏಕವಚನ ಸೂಚಕವಿದೆ. ಪ್ರಕಟನೆಯ 18ನೇ ಅಧ್ಯಾಯದಲ್ಲಿ ರಿಚಸ್‌ಗೆ ‘ಈಸ್’ ಎಂಬ ಏಕವಚನ ಕ್ರಿಯಾಪದವಿದೆ. ಇಂದು ಇವೆರಡನ್ನೂ ನಿಘಂಟುಗಳು ಬಹುವಚನವೆಂದೇ ಗುರುತಿಸುತ್ತವೆ. ಇತಿಹಾಸದಲ್ಲಿ ಏಕವಚನ, ಬಳಕೆಯಲ್ಲಿ ಬಹುವಚನ. ವ್ಯಾಕರಣಕಾರ ಬಳಕೆಯ ಮಾತನ್ನೇ ಕೇಳಬೇಕು.

ಇದೇ ತಪ್ಪು ವಿಭಜನೆ ಬೇರೆ ಕಡೆ ಇನ್ನೂ ಮುಂದೆ ಹೋಯಿತು. ಬಟಾಣಿಗೆ ಹಿಂದೆ ‘ಪೀಸ್’ ಎಂಬ ರೂಪವಿತ್ತು. ಅದನ್ನು ಬಹುವಚನವೆಂದು ಬಗೆದು ‘ಪೀ’ ಎಂಬ ಹೊಸ ಏಕವಚನವನ್ನು ಹುಟ್ಟಿಸಿದರು. ನಾರ್ಮನ್ ಫ್ರೆಂಚಿನ ‘ಚೆರೀಸ್’ ಹೀಗೆಯೇ ‘ಚೆರಿ’ ಆಯಿತು. ಸಮನ್ಸ್ ಮಾತ್ರ ಈ ಸೆಳೆತಕ್ಕೆ ಸಿಕ್ಕಲಿಲ್ಲ. ಫ್ರೆಂಚ್ ಮೂಲದ ಈ ಪದ ಇಂದಿಗೂ ಏಕವಚನವೇ. ಅದರ ಬಹುವಚನ ‘ಸಮನ್ಸಸ್’. ಕನ್ನಡದ ಕೋರ್ಟು ಭಾಷೆ ಇದನ್ನು ಸರಿಯಾಗಿಯೇ ಹಿಡಿದಿದೆ: ಒಂದು ಸಮನ್ಸು ಜಾರಿಯಾಗುತ್ತದೆ, ಹಲವಾದರೆ ಸಮನ್ಸುಗಳು.

ಮೂರನೆಯ ಗುಂಪಿನ ಪಾಡು ಇದಕ್ಕೆ ವಿರುದ್ಧ. ಇಲ್ಲಿ ಹುಟ್ಟು ಬಹುವಚನದ್ದು, ನಡತೆ ಏಕವಚನದ್ದು. ಫಿಸಿಕ್ಸ್, ಪಾಲಿಟಿಕ್ಸ್, ಎಥಿಕ್ಸ್ ಇವುಗಳ ಹಿಂದೆ ಅರಿಸ್ಟಾಟಲನ ಗ್ರಂಥಗಳ ಹೆಸರುಗಳಲ್ಲಿ ಕಾಣುವ ಗ್ರೀಕ್ ನಪುಂಸಕ ಬಹುವಚನವಿದೆ. ಅದನ್ನು ಅನುಸರಿಸಿ ಇಂಗ್ಲಿಷ್ ಸಕಾರ ಹಚ್ಚಿತು. ಅದಕ್ಕೂ ಮೊದಲೇ ಬಂದು ನೆಲೆಸಿದ್ದ ಲಾಜಿಕ್, ಮ್ಯೂಸಿಕ್, ಅರಿತ್ಮೆಟಿಕ್ ಸಕಾರವಿಲ್ಲದೆಯೇ ಉಳಿದವು. ಶಾಸ್ತ್ರದ ಹೆಸರಾದಾಗ ಸ್ಟ್ಯಾಟಿಸ್ಟಿಕ್ಸ್ ಏಕವಚನ, ಅಂಕಿಅಂಶಗಳೆಂಬ ಅರ್ಥದಲ್ಲಿ ಬಹುವಚನ; ಒಂದೇ ರೂಪ, ಎರಡು ನಡೆ. ‘ಹೊಸ ಸಂಗತಿಗಳು’ ಎಂಬ ಅರ್ಥದ ನ್ಯೂಸ್ ಶೇಕ್ಸ್‌ಪಿಯರನಲ್ಲಿ ಎರಡೂ ವಚನಗಳಲ್ಲಿ ಸಿಗುತ್ತದೆ. ಈಗ ಏಕವಚನ ಮಾತ್ರ. ದಡಾರ, ಮಂಗನಬಾವುಗಳ ಹೆಸರಾದ ಮೀಸಲ್ಸ್, ಮಂಪ್ಸ್ ಕೂಡ ಸಾಮಾನ್ಯವಾಗಿ ಏಕವಚನದ ಕ್ರಿಯಾಪದವನ್ನೇ ಹಿಡಿಯುತ್ತವೆ.

ನುಡಿಗಟ್ಟುಗಳ ಸಕಾರ ಇನ್ನೊಂದು ಬಗೆಯದು. ಕೈಕುಲುಕುವುದಕ್ಕೆ ‘ಶೇಕ್ ಹ್ಯಾಂಡ್ಸ್’, ರೈಲು ಬದಲಿಸುವುದಕ್ಕೆ ‘ಚೇಂಜ್ ಟ್ರೇನ್ಸ್’ ಎನ್ನಬೇಕು. ಕ್ರಿಯೆ ನಡೆಯಲು ಎರಡು ಕೈ, ಎರಡು ರೈಲು ಬೇಕಲ್ಲವೇ? ‘ಐ ಆ್ಯಮ್ ಫ್ರೆಂಡ್ಸ್ ವಿತ್ ಹಿಮ್’ ಎಂಬಲ್ಲಂತೂ ಕರ್ತೃ ಒಬ್ಬನೇ, ನಾಮಪದ ಬಹುವಚನ. ‘ನಾನು ಅವನೊಡನೆ ಸ್ನೇಹಿತರು’ ಎಂದು ಕನ್ನಡದಲ್ಲಿ ಹೇಳಲಾಗದು. ಆಲ್‌ವೇಸ್, ಬಿಸೈಡ್ಸ್, ಒನ್ಸ್ ಮುಂತಾದ ಅವ್ಯಯಗಳ ಸಕಾರವಾದರೋ ಬಹುವಚನದ್ದೇ ಅಲ್ಲ, ಹಳೆಯ ಷಷ್ಠೀ ವಿಭಕ್ತಿಯದು. ಅವು ಈ ಚರ್ಚೆಗೆ ಹೊರಗು.

ಕನ್ನಡ ಇಂಥ ಪದಗಳನ್ನು ತನ್ನ ಅಳತೆಗೆ ಒಗ್ಗಿಸಿಕೊಂಡಿದೆ. ಪ್ಯಾಂಟ್ಸ್ ಸಕಾರ ಕಳಚಿ ‘ಪ್ಯಾಂಟು’ ಆಯಿತು. ಎರಡು ಪ್ಯಾಂಟು ಎಂದರೆ ಎರಡು ಉಡುಪು. ಸಾಕ್ಸು, ಚಿಪ್ಸು, ಮಾರ್ಕ್ಸುಗಳಲ್ಲಿ ಸಕಾರ ಪ್ರಕೃತಿಗೇ ಅಂಟಿಕೊಂಡಿತು. ಆಮ್ಸ್, ರಿಚಸ್‌ಗಳಲ್ಲಿ ಪ್ರಕೃತಿಯ ಸಕಾರವನ್ನು ಇಂಗ್ಲಿಷರು ಪ್ರತ್ಯಯವೆಂದು ಬಗೆದರೆ, ಇಲ್ಲಿ ನಾವು ಪ್ರತ್ಯಯವನ್ನು ಪ್ರಕೃತಿಯೆಂದು ಬಗೆದಿದ್ದೇವೆ. ‘ಮಾರ್ಕ್ಸುಗಳು’ ಎಂಬುದನ್ನು ದೋಷವೆಂದು ಹಳಿಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಅದು ಭಾಷೆಗಳ ಸಹಜ ನಡೆ.

ಸಿಸರ್ಸ್, ಆಮ್ಸ್, ರಿಚಸ್‌ಗಳನ್ನು ನಿತ್ಯಬಹುವಚನವೆನ್ನಬಹುದು. ನ್ಯೂಸ್, ಫಿಸಿಕ್ಸ್, ಮೀಸಲ್ಸ್, ಸಮನ್ಸ್‌ಗಳನ್ನು ಹಾಗೆನ್ನಬಾರದು. ಇಂಗ್ಲಿಷ್–ಕನ್ನಡ ನಿಘಂಟು ಮತ್ತು ಪಠ್ಯಗಳನ್ನು ಸಿದ್ಧಪಡಿಸುವವರು ಇಂಥ ಪ್ರತಿಯೊಂದು ಪದದ ಮುಂದೆ ಅದು ಯಾವ ವಚನದ ಕ್ರಿಯಾಪದವನ್ನು ಬೇಡುತ್ತದೆ ಎಂಬುದನ್ನು ನಮೂದಿಸಬೇಕು. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಕೊನೆಯ ಅಕ್ಷರಕ್ಕಿಂತ ಆ ಮಾಹಿತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.