ಅಸಲಿ ವೈಡ್‌ಸ್ಕ್ರೀನ್: ಕ್ಯಾಮ್‌ಕಾರ್ಡರ್ ಸವೆಸಿದ ದಾರಿ

ಪೆಟ್ಟಿಗೆಯ ಮೇಲೆ 16:9 ಎಂದು ಅಚ್ಚಾಗಿದ್ದ ಮಾತ್ರಕ್ಕೆ ಆ ಕ್ಯಾಮ್‌ಕಾರ್ಡರ್ ನಿಜವಾದ ವೈಡ್‌ಸ್ಕ್ರೀನ್ ಚಿತ್ರ ತೆಗೆಯುತ್ತದೆ ಎಂದು ನಂಬುವಂತಿರಲಿಲ್ಲ. ಚೌಕಟ್ಟು ಅಗಲವಾಗುವುದು ಬೇರೆ, ಆ ಅಗಲವನ್ನು ತುಂಬುವಷ್ಟು ವಿವರವನ್ನು ಸೆನ್ಸರ್ ಒದಗಿಸುವುದು ಬೇರೆ. ಇವೆರಡನ್ನೂ ಸರಿದೂಗಿಸಲು ತಯಾರಕರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ಹಳೆಯ ಕ್ಯಾಮೆರಾ ಕೊಳ್ಳುವವರು ಈ ಕಥೆಯನ್ನು ತಿಳಿದಿರಲೇಬೇಕು.

1995ರಲ್ಲಿ ಡಿವಿ (ಡಿಜಿಟಲ್ ವಿಡಿಯೊ) ಕ್ಯಾಸೆಟ್ ಬಂತು. ಸೋನಿಯ ವಿಎಕ್ಸ್1000 ಆ ವರ್ಷದ ಹೆಸರಾಂತ ಕ್ಯಾಮೆರಾ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಟಿವಿ ಪದ್ಧತಿಯಲ್ಲಿ ಡಿವಿ ಚಿತ್ರದ ಅಳತೆ 720×576 ಪಿಕ್ಸೆಲ್. ಚಿತ್ರ 4:3 ಇರಲಿ, 16:9 ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ವೈಡ್‌ಸ್ಕ್ರೀನ್ ಆದರೆ ಪ್ರತಿ ಪಿಕ್ಸೆಲನ್ನೂ ಅಗಲಿಸಿ ತೋರಿಸು ಎಂಬ ಸೂಚನೆ ಕ್ಯಾಸೆಟ್‌ನಲ್ಲಿ ದಾಖಲಾಗುತ್ತದೆ. ಅಂದರೆ ಕ್ಯಾಸೆಟ್ ಸಿದ್ಧವಿತ್ತು, ಸೆನ್ಸರ್ ಸಿದ್ಧವಿರಲಿಲ್ಲ.

ಅಂದಿನ ಸೆನ್ಸರ್‌ಗಳು 4:3 ಆಕಾರದವು. ವೈಡ್ ಗುಂಡಿ ಒತ್ತಿದರೆ ಕ್ಯಾಮೆರಾ ಚಿತ್ರದ ಮೇಲ್ಭಾಗ ಕೆಳಭಾಗಗಳನ್ನು ಕತ್ತರಿಸಿ, ಉಳಿದ 432 ಸಾಲುಗಳನ್ನೇ ಎಳೆದು 576 ಮಾಡುತ್ತಿತ್ತು. ಕಾಲು ಭಾಗ ವಿವರ ಅಲ್ಲೇ ಹೋಯಿತು. ಮದುವೆ ವಿಡಿಯೊದಲ್ಲಿ ಸೀರೆಯ ಜರಿ ಅಂಚು, ಚಪ್ಪರದ ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇಂಥ ಎಳೆತದಿಂದಲೇ.

ಇದಕ್ಕೆ ಮೂರು ಪರಿಹಾರಗಳು ಬಂದವು. ಒಂದು, ಲೆನ್ಸ್ ಮುಂದೆ ಕೂರಿಸುವ ಅನಮಾರ್ಫಿಕ್ ಅಡಾಪ್ಟರ್. ಇದು ದೃಶ್ಯವನ್ನು ಅಡ್ಡಲಾಗಿ ಕುಗ್ಗಿಸಿ ಇಡೀ ಸೆನ್ಸರ್ ಮೇಲೆ ಬೀಳಿಸುತ್ತದೆ. 2002ರ ಪ್ಯಾನಾಸೋನಿಕ್ ಡಿವಿಎಕ್ಸ್100 ಜೊತೆ ಹಲವರು ಇದನ್ನು ಬಳಸಿದರು. ವಿವರವೇನೋ ಉಳಿಯಿತು, ಆದರೆ ಜೂಮ್ ಮಾಡಿದಾಗ ಫೋಕಸ್ ಹಿಡಿಯುವುದು ಕಷ್ಟವಾಯಿತು. ಎರಡು, ಹೆಚ್ಚು ಪಿಕ್ಸೆಲ್‌ಗಳ ಸೆನ್ಸರ್. ಸೋನಿಯ ಪಿಡಿಎಕ್ಸ್10 ಕತ್ತರಿಸಿದ ಮೇಲೂ ಸಾಕಷ್ಟು ಪಿಕ್ಸೆಲ್ ಉಳಿಸಿಕೊಂಡಿತು; ಆದರೆ ಪುಟ್ಟ ಸೆನ್ಸರ್ ಆದ್ದರಿಂದ ಮಬ್ಬು ಬೆಳಕಿನಲ್ಲಿ ಸೋತಿತು. ಮೂರು, ಹುಟ್ಟಿನಿಂದಲೇ ಅಗಲವಾದ ಸೆನ್ಸರ್. 2004ರ ಕ್ಯಾನನ್ ಎಕ್ಸ್‌ಎಲ್2 ವೈಡ್‌ಸ್ಕ್ರೀನ್‌ಗೆ ಅಡ್ಡಲಾಗಿ 960 ಪಿಕ್ಸೆಲ್ ಬಳಸಿತು. 4:3 ಬೇಕೆಂದಾಗ ಎಡಬಲ ಬಿಟ್ಟು ನಡುವಿನ 720 ಮಾತ್ರ ತೆಗೆದುಕೊಂಡಿತು. ಹಳೆಯ ಲೆಕ್ಕ ಪೂರ್ತಿ ತಿರುವುಮುರುವಾಯಿತು.

ಅದೇ ವರ್ಷ ಬಂದ ಸೋನಿ ಎಫ್‌ಎಕ್ಸ್1, ಎಚ್‌ಡಿವಿ ವಿಧಾನದಲ್ಲಿ 1440×1080 ಚಿತ್ರವನ್ನು ಅದೇ ಪುಟ್ಟ ಡಿವಿ ಕ್ಯಾಸೆಟ್‌ಗೆ ತುಂಬಿತು. ಹೈ ಡೆಫಿನಿಷನ್‌ಗೆ 16:9 ಸಹಜ ಆಕಾರವೇ ಆದ್ದರಿಂದ ಅಸಲಿ ನಕಲಿಯ ಗೊಂದಲ ಕ್ರಮೇಣ ಕರಗಿತು. 2006ರಲ್ಲಿ ಸೋನಿ, ಪ್ಯಾನಾಸೋನಿಕ್ ಸೇರಿ ರೂಪಿಸಿದ ಎವಿಸಿಎಚ್‌ಡಿ ಎಂಬ ದಾಖಲಾತಿ ವಿಧಾನ, ಕ್ಯಾಸೆಟ್‌ನಿಂದ ಕಾರ್ಡು, ಡಿಸ್ಕುಗಳತ್ತ ದಾರಿ ಮಾಡಿತು.

ಡಿವಿ ಕಾಲದ ಕ್ಯಾಮೆರಾ ಕೊಳ್ಳುವವರಿಗೆ ಒಂದು ಸುಲಭ ಪರೀಕ್ಷೆಯಿದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಜೂಮ್ ಪೂರ್ತಿ ಹಿಂದೆ ತಂದು, ಪುಸ್ತಕದ ಕಪಾಟನ್ನು ನೋಡಿ. 4:3ರಿಂದ 16:9ಕ್ಕೆ ಬದಲಿಸಿದಾಗ ಎಡಬಲದಲ್ಲಿ ಹೊಸ ಪುಸ್ತಕಗಳು ಕಾಣಿಸಿಕೊಂಡರೆ ಒಳ್ಳೆಯ ಲಕ್ಷಣ. ಅಗಲ ಇದ್ದಷ್ಟೇ ಇದ್ದು ಮೇಲಿನ, ಕೆಳಗಿನ ಸಾಲುಗಳು ಮಾಯವಾದರೆ ಬರೀ ಕತ್ತರಿ ಕೆಲಸ.

ಹಾಗೆಂದು ಕತ್ತರಿಸುವುದೇ ತಪ್ಪಲ್ಲ. ಇಂದಿನ ಎಷ್ಟೋ ಫೋನುಗಳ ಸೆನ್ಸರ್ ಕೂಡ 4:3. 4000×3000 ಪಿಕ್ಸೆಲ್‌ಗಳಲ್ಲಿ 16:9 ಕತ್ತರಿಸಿದರೂ 4000×2250 ಉಳಿಯುತ್ತದೆ; 4ಕೆ ವಿಡಿಯೊಗೆ ಬೇಕಾದದ್ದು 3840×2160. ಆದ್ದರಿಂದ ಹಳೆಯದಾಗಲಿ ಹೊಸದಾಗಲಿ, ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಕತ್ತರಿಸಿದ ನಂತರ ಸೆನ್ಸರ್‌ನಲ್ಲಿ ಉಳಿಯುವ ಪಿಕ್ಸೆಲ್‌ಗಳು ದಾಖಲಾಗುವ ಚಿತ್ರಕ್ಕೆ ಸಾಕೇ? ಸಾಕಾದರೆ ಸೆನ್ಸರ್ ಯಾವ ಆಕಾರದ್ದಾದರೂ ನಡೆಯುತ್ತದೆ.